ಸೋಲಿಸುವ ಪೆಟ್ಟಿಗೆ

ಈಗಿನ ಆಟಗಳಲ್ಲಿ ಯಾರೂ ಸೋಲುವುದಿಲ್ಲ. ಆಡುವವರ ಮುಖ ಬಾಡುವ ಮೊದಲೇ ಯಂತ್ರಗಳು ಗೆಲ್ಲಿಸಿಬಿಡುತ್ತವೆ. ಸೋಲಿನ ಬಗ್ಗೆ ನಾನು ಕೇಳಿದ್ದು ಅಜ್ಜಿಯ ಕಥೆಗಳಲ್ಲಿ, ಏಳು ಹೆಡೆಯ ಸರ್ಪದ ಜೊತೆಗೆ. ಒಮ್ಮೆಯಾದರೂ ಸೋತು ನೋಡಬೇಕೆಂದು ಗುಜರಿಯಿಂದ ಅಜ್ಜಿಯ ಕಾಲದ ಕಂಪ್ಯೂಟರ್ ತಂದೆ. ಉಬ್ಬಿದ ಕೆಪಾಸಿಟರ್‌ಗಳನ್ನು ಬದಲಿಸಿ, ಹಳದಿಗಟ್ಟಿದ ಕೀಲಿಗಳನ್ನು ಒಂದೊಂದಾಗಿ ತೊಳೆದು, ನಾಲ್ಕು ತಿಂಗಳ ಮೇಲೆ ಅದನ್ನು ಎಬ್ಬಿಸಿದೆ.

ಆಟದಲ್ಲಿ ನನ್ನ ಪುಟ್ಟ ಮೊಲ ಮೂರನೆಯ ಹಳ್ಳಕ್ಕೆ ಬಿತ್ತು. ಮತ್ತೆ ಆಡಿದೆ, ಮತ್ತೆ ಅದೇ ಹಳ್ಳ. ಹನ್ನೊಂದನೆಯ ಸಲ ಬಿದ್ದಾಗ ಕಂಪ್ಯೂಟರ್ ಆರಿಸಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡೆ.

"ಮತ್ಯಾಕೆ ಬಿಚ್ತಿದ್ದೀಯೇ?" ಅಜ್ಜಿ ಕೇಳಿದಳು.

"ಇನ್ನೂ ಏನೋ ಕೆಟ್ಟಿದೆ ಅಜ್ಜಿ. ಗೆಲ್ಲಿಸ್ತಾನೇ ಇಲ್ಲ."

"ಅದು ಸರಿಯಾಗೇ ಇದೆ ಕಣೇ, ಸೋತಿರೋದು ನೀನು. ಏಳು, ನಾನೂ ಒಂದಾಟ ಸೋಲ್ತೀನಿ."