ಎರಡು ಪಟಾಕಿ

ನಾನು ತೆಗೆಯುತ್ತಿದ್ದ ಸಿನಿಮಾದಲ್ಲಿ ಎರಡೇ ಪಾತ್ರ: ಎಂಬತ್ತು ದಾಟಿದ ಅಪ್ಪ, ಅವರಿಗಿಂತ ಹೆಚ್ಚು ಕೆಮ್ಮುವ ನಮ್ಮ ಜೀಪು. ಕೊಡಗಿನಿಂದ ನಾಗಾಲ್ಯಾಂಡಿನವರೆಗೂ ಅಪ್ಪ ಅಂಗಿಯ ಜೇಬಿನಲ್ಲಿ ಆನೆ ಓಡಿಸುವ ಎರಡು ಪಟಾಕಿ ಇಟ್ಟುಕೊಂಡೇ ಬಂದರು.

ನಮ್ಮವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಎರಡನೇ ಮಹಾಯುದ್ಧಕ್ಕೆ ಹೋಗಿ ಕಾಣೆಯಾದ ಅಜ್ಜನಿಗೆ ಯಾರೂ ಗುಂಡು ಹಾರಿಸಿರಲಿಲ್ಲ. ಅಜ್ಜಿ ಒಪ್ಪಿರಲಿಲ್ಲ, ತಾನು ಸಾಯುವವರೆಗೂ ಬಾಗಿಲಿಗೆ ಅಗುಳಿ ಹಾಕಲು ಬಿಟ್ಟಿರಲಿಲ್ಲ.

"ಕೋವಿ ಅಷ್ಟು ದೂರ ಒಯ್ಯೋದಕ್ಕೆ ಬಿಡಲ್ಲ. ಸದ್ದಾದ್ರೆ ಸಾಕು ಮಗಳೇ," ಅಂದಿದ್ದರು ಅಪ್ಪ.

ಅಜ್ಜನ ತುಕಡಿ ಕೊನೆಗೆ ಕಾದಾಡಿದ ಹಳ್ಳಿಯಲ್ಲಿ ಒಬ್ಬ ಮುದುಕ ಅವರ ಫೋಟೊವನ್ನು ಬಹಳ ಹೊತ್ತು ನೋಡಿದ. ನಾನು ಕ್ಯಾಮೆರಾ ಶುರು ಮಾಡಿದೆ.

"ಇವರು ಬಿದ್ದ ಜಾಗ ಗೊತ್ತಾ?" ಅಪ್ಪ ಹಿಂದಿಯಲ್ಲಿ ಕೇಳಿದರು.

"ಗೊತ್ತು. ಇದೇ ಅಂಗಳ. ಗಾಯವಾಗಿ ಬಿದ್ದಿದ್ದವರನ್ನು ನಮ್ಮಮ್ಮ ಒಳಗೆ ಎಳೆದುಕೊಂಡು ಹೋಗಿ ಬದುಕಿಸಿದಳು."

"ಆಮೇಲೆ?"

"ಆಮೇಲೆ ನಾನು ಹುಟ್ಟಿದೆ."

ಅಪ್ಪ ಜೀಪಿಗೆ ಒರಗಿದರು. "ಊರಿನ ವಿಷಯ ಏನೂ ಹೇಳ್ತಿರಲಿಲ್ವಾ?"

"ಒಮ್ಮೆ ಕೇಳಿದ್ದೆ. ಅಲ್ಲಿ ತನಗೆ ಯಾರೂ ಇಲ್ಲ ಅಂದರು."

ಅಪ್ಪ ಅಂಗಳದ ನಡುವೆ ಒಂದು ಪಟಾಕಿ ಇಟ್ಟು ಕಡ್ಡಿ ಗೀರಿದರು. ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಗಿ ಅಡಗಿತು.

"ಅಪ್ಪ, ಇನ್ನೊಂದು?" ಕ್ಯಾಮೆರಾ ಇಳಿಸದೆ ಕೇಳಿದೆ.

ಅಪ್ಪ ಅದಿದ್ದ ಜೇಬಿನ ಗುಂಡಿ ಹಾಕಿಕೊಂಡು ಜೀಪು ಹತ್ತಿದರು.