ಮೂರನೇ ತೂತು

“ಪಟ್ಟಿ ಉದ್ದ ಮಾಡ್ಕೊಳ್ಳಿ ಮೇಡಂ, ಮೊಣಕಾಲು ಗದ್ದಕ್ಕೆ ತಾಗ್ತಿದೆ,” ಎಂದರು ಸವಾರಿ ಕಲಿಸುವ ಮೇಷ್ಟ್ರು. ಯಾರೂ ಹತ್ತದಿದ್ದರೆ ಈ ಪುಟ್ಟ ಪೋನಿ ಕುದುರೆ ಜೀನನ್ನೇ ಮರೆತುಬಿಡುತ್ತದೆಂದು ಅವರು ಒತ್ತಾಯಿಸಿದ್ದಕ್ಕೆ ಅವಳು ಇವತ್ತು ಮೊದಲ ಸಲ ಹತ್ತಿ ಕೂತಿದ್ದಳು. ಕಾಲಿಡುವ ರಿಕಾಪಿನ ಪಟ್ಟಿ ಮಾತ್ರ ಮೂರನೇ ತೂತಿನಲ್ಲೇ ಇತ್ತು. ಅದು ಒಂಬತ್ತು ವರ್ಷದ ಮಗಳ ಅಳತೆ.

“ಹಾಗೇ ಇರ್ಲಿ ಮೇಷ್ಟ್ರೇ. ಭಾನುವಾರ ಅವಳು ಬರ್ತಾಳೆ.”

ಮೇಷ್ಟ್ರು ಪಟ್ಟಿಯಿಂದ ಕೈ ತೆಗೆದರು. ಈ ಮಾತು ಕೇಳಿಕೊಂಡೇ ಎಂಟು ಭಾನುವಾರ ಕಳೆದಿದ್ದವು. ಅಪ್ಪನ ಮನೆ ಸೇರಿದ ಮಗಳು ಪೋನಿಯ ಆಸೆಗಾದರೂ ಬರಲಿ ಎಂದು ಅವಳು ಅದನ್ನು ಕೊಂಡು ತಂದಿದ್ದಳು. ಹೊಸದರಲ್ಲಿ ಅದು ಲಾಯದ ಗೋಡೆಗೆ ಮುಖ ಮಾಡಿ ನಿಂತುಬಿಡುತ್ತಿತ್ತು, ಹುಲ್ಲನ್ನು ಮೂಸಿಯೂ ನೋಡುತ್ತಿರಲಿಲ್ಲ. ಅವಳು ದಿನಾ ಸಂಜೆ ಬಕೆಟ್ ಬೋರಲು ಹಾಕಿ ಪಕ್ಕದಲ್ಲಿ ಕೂತು ಆಫೀಸಿನ ಸುದ್ದಿಯನ್ನೆಲ್ಲ ಅದಕ್ಕೇ ಒಪ್ಪಿಸಿದಳು. ಮನೆಯಲ್ಲಿ ಕೇಳುವವರಾದರೂ ಯಾರಿದ್ದರು? ಈಗ ಅವಳ ಸ್ಕೂಟರ್ ಸದ್ದಾದರೆ ಸಾಕು, ಅದು ಬಾಗಿಲಿಗೆ ಬಂದು ನಿಲ್ಲುತ್ತದೆ.

ನಿನ್ನೆ ಫೋನಿನಲ್ಲಿ ಮಗಳು ಹೇಳಿದ್ದಳು: “ಅಮ್ಮಾ, ನಂಗೆ ಕುದುರೆ ಅಂದ್ರೆ ಭಯ. ಅಪ್ಪ ಈಜೋಕೆ ಸೇರ್ಸಿದಾರೆ.”

ಪೋನಿ ಕತ್ತು ತಿರುಗಿಸಿ ಅವಳ ಮಡಚಿದ ಮೊಣಕಾಲನ್ನು ಮೂಸಿತು. ಬಿಸಿಯುಸಿರು ಬಟ್ಟೆ ದಾಟಿ ತಾಗಿತು.

“ಮೇಷ್ಟ್ರೇ,” ಎಂದಳು, “ಏಳನೇ ತೂತಿಗೆ ಹಾಕಿ. ಇನ್ಮೇಲೆ ಹತ್ತೋಳು ನಾನೇ.”