ಬಚ್ಚಲ ಹಿಂದಿನ ತುಳಸಿ

ಮೂಢನಂಬಿಕೆ ಅಂದರೆ ನಾಗಭೂಷಣನಿಗೆ ಮೈಯೆಲ್ಲ ಉರಿ. ಆ ಹಳೇ ಮನೆಯಲ್ಲಿ ಅವನಿಗೆ ಸಹಿಸಲಾಗದಿದ್ದದ್ದು ಬಚ್ಚಲ ಹಿಂದಿನ ತುಳಸಿಗಿಡ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರ, ಅಮ್ಮ ಮಾತ್ರ ದಿನಾ ಅದರ ಬುಡಕ್ಕೆ ಒಂದು ಕೊಡ ಸುರಿಯುತ್ತಿದ್ದಳು.

“ಬಚ್ಚಲ ಹಿಂದೆ ತುಳಸಿ ನೆಡೋದು ಯಾವ ಶಾಸ್ತ್ರದಲ್ಲಿದೆಯಮ್ಮ?”

“ಯಾವ ಶಾಸ್ತ್ರದಲ್ಲೂ ಇಲ್ಲ. ನೀರು ಹಾಕೋದು ಮಾತ್ರ ತಪ್ಪಿಸಬೇಡ.”

ಅಮ್ಮ ಮಗಳ ಮನೆಗೆ ಹೋದದ್ದೇ ತಡ, ಅವನು ಗಿಡ ಕಿತ್ತೆಸೆದು ಆ ಜಾಗಕ್ಕೆ ಸಿಮೆಂಟು ಹಾಕಿಸಿದ. ತಿಂಗಳೊಪ್ಪತ್ತಿನಲ್ಲಿ ಬಚ್ಚಲ ದೀಪದ ಕಬ್ಬಿಣದ ಸ್ವಿಚ್‌ಬೋರ್ಡು ಮುಟ್ಟಿದವರಿಗೆಲ್ಲ ಜುಮ್ಮೆನ್ನತೊಡಗಿತು. ಒಂದು ಬೆಳಿಗ್ಗೆ ಒದ್ದೆ ಕೈಯಲ್ಲಿ ಸ್ವಿಚ್ ಒತ್ತಿದ ನಾಗಭೂಷಣನನ್ನು ಕರೆಂಟು ಎತ್ತಿ ಗೋಡೆಗೆ ಎಸೆಯಿತು.

ಸುದ್ದಿ ಕೇಳಿ ಅಮ್ಮ ಓಡಿ ಬಂದಳು. “ತುಳಸಿ ಶಾಪ ತಟ್ಟಿತು ಅತ್ತೆ” ಎಂದು ಸೊಸೆ ಕೆನ್ನೆ ಬಡಿದುಕೊಂಡಳು. ಹಾಸಿಗೆಯಲ್ಲಿದ್ದ ನಾಗಭೂಷಣನೂ ಕೈಮುಗಿದ.

“ತಪ್ಪಾಯ್ತಮ್ಮ. ನಾಳೆಯೇ ಪುರೋಹಿತರನ್ನು ಕರೆಸಿ ಶಾಂತಿ ಮಾಡಿಸ್ತೀನಿ.”

“ಶಾಂತಿ ಬೇಡ, ಮೊದಲು ಸಿಮೆಂಟು ಒಡೆಸು” ಅಂದಳು ಅಮ್ಮ. “ಅಲ್ಲಿರೋದು ಅರ್ಥಿಂಗ್ ಗುಂಡಿ. ಒಣಗಿದರೆ ಸೋರಿದ ಕರೆಂಟು ನೆಲಕ್ಕಿಳಿಯಲ್ಲ ಅಂತ ನಿಮ್ಮಪ್ಪ ಹೇಳಿದ್ರು. ಬರೀ ಗುಂಡಿಗೆ ಈ ಮನೇಲಿ ಯಾರು ನೀರು ಹಾಕ್ತಾರೆ ಅಂತ ನಾನೇ ತುಳಸಿ ನೆಟ್ಟಿದ್ದೆ.”